ಎಸಿ ಓಡುತ್ತಲೇ ಇತ್ತು, ಸೆಕೆ ಮಾತ್ರ ಹೋಗಲಿಲ್ಲ: ಒಂದು ಆರ್‌ವಿಯ ಪ್ರಕರಣ ಅಧ್ಯಯನ

ಗಾಡಿ ಸುಮಾರು 8 ಮೀಟರ್ ಉದ್ದದ ಮೋಟರ್‌ಹೋಮ್, ಅಂದರೆ ಒಳಗೇ ವಾಸ ಮಾಡಬಹುದಾದ ಆರ್‌ವಿ. ಹಳೆಯದು, ಕೈಬದಲಾಗಿ ಬಂದದ್ದು. ಚಾವಣಿಯ ಮೇಲೆ ಒಂದೇ ಒಂದು ಎಸಿ, 13,500 ಬಿಟಿಯುದು (ಬಿಟಿಯು ಅಂದರೆ ಎಸಿಯ ತಂಪು ಮಾಡುವ ಸಾಮರ್ಥ್ಯದ ಅಳತೆ). ಒಳಗೆ ಇರುವವರು ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು. ನಿಲ್ಲಿಸಿದ್ದು ಸಮುದ್ರದ ಹತ್ತಿರದ ಒಂದು ಬಯಲಿನಲ್ಲಿ, ಪಕ್ಕದಲ್ಲಿ ಒಂದು ಮರವೂ ಇಲ್ಲ. ಮಧ್ಯಾಹ್ನ ಹೊರಗೆ 33 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 70. ಥರ್ಮೋಸ್ಟಾಟ್ 22ಕ್ಕೆ ಇಟ್ಟಿದ್ದರು. ಎಸಿ ಬೆಳಗ್ಗೆಯಿಂದ ನಿಲ್ಲದೆ ಓಡಿದರೂ ಮೂರು ಗಂಟೆಗೆ ಒಳಗೆ 29 ಡಿಗ್ರಿ, ಆರ್ದ್ರತೆ ಶೇ. 72. ಅಂದರೆ ಹೊರಗಿಗಿಂತ ನಾಲ್ಕು ಡಿಗ್ರಿ ಕಡಿಮೆ, ಅಷ್ಟೆ. ಮೈಗೆ ಅಂಟಿದ ಬಟ್ಟೆ ಹಾಗೇ ಅಂಟಿಕೊಂಡಿತ್ತು.

ಅವರ ದೂರು ಮೂರು. ಹಗಲು ಎಸಿ ತಂಪು ಮಾಡುವುದಿಲ್ಲ. ರಾತ್ರಿ ತಂಪಾದರೂ ಹಾಸಿಗೆ ಒದ್ದೆ ಒದ್ದೆ ಅನಿಸುತ್ತದೆ, ಬಟ್ಟೆಯ ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಬಂದಿದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮೂರನೆಯದು ವಿಚಿತ್ರ: ಕೆಲವು ದಿನ ಬೆಳಗಿನ ಜಾವ ಎಸಿಯ ಪಕ್ಕದಿಂದ ಗಾಡಿಯ ಒಳಗೆ ನೀರು ತೊಟ್ಟಿಕ್ಕುತ್ತದೆ, ಮಳೆಯ ಒಂದು ಹನಿ ಬಿದ್ದಿರದಿದ್ದರೂ.

ಮೂರನ್ನೂ ಅವರು ಬೇರೆ ಬೇರೆ ರೋಗ ಅಂದುಕೊಂಡಿದ್ದರು. ನೀರು ಸೋರುವುದಕ್ಕೆ ಒಬ್ಬ ಮೆಕ್ಯಾನಿಕ್ ಚಾವಣಿ ಹತ್ತಿ ಎಸಿಯ ಸುತ್ತ ಸೀಲೆಂಟ್ ಬಳಿದು ಹೋಗಿದ್ದ. ಸೋರುವುದು ನಿಲ್ಲಲಿಲ್ಲ. ಬೂಷ್ಟಿಗೆ ಗಾಳಿಯಾಡಬೇಕು ಎಂದು ಯಾರೋ ಹೇಳಿದ್ದರಿಂದ ಚಾವಣಿಯ ಫ್ಯಾನ್ (ಒಳಗಿನ ಗಾಳಿಯನ್ನು ಹೊರಗೆ ತಳ್ಳುವಂಥದ್ದು) ಜಾಸ್ತಿ ಹೊತ್ತು ಓಡಿಸುತ್ತಿದ್ದರು. ತಂಪಾಗದಿರುವುದಕ್ಕೆ ಅಂಗಡಿಯವರು ಹೇಳಿದ ಮದ್ದು ಇನ್ನೊಂದು ಎಸಿ. ನನ್ನನ್ನು ಕರೆದದ್ದು ಇದೊಂದನ್ನೇ ಕೇಳಲು: ಎರಡನೇ ಎಸಿ ಹಾಕಿಸಬೇಕಾ, ಬೇಡವಾ?

ಮೊದಲು ಕರೆಂಟಿನ ಲೆಕ್ಕ ಹಾಕಿದೆವು. ಈ ಗಾಡಿಯದು ಅಮೆರಿಕದ ಮಾದರಿಯ 30 ಆಂಪ್ ಸಂಪರ್ಕ. 120 ವೋಲ್ಟ್ ಲೆಕ್ಕದಲ್ಲಿ ಒಟ್ಟು 3,600 ವ್ಯಾಟ್. ಇಂಥ ಬಿಸಿಲಿನಲ್ಲಿ ಒಂದು ಎಸಿ ಸುಮಾರು 1,500 ವ್ಯಾಟ್ ಎಳೆಯುತ್ತದೆ. ಎರಡು ಹಾಕಿದರೆ 3,000 ಅಲ್ಲೇ ಹೋಯಿತು. ಆಮೇಲೆ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬೀಳುತ್ತದೆ. ಹಾಗಾಗಿ ಎರಡನೇ ಎಸಿ ಅಂದರೆ ಎಸಿಯ ಖರ್ಚು ಮಾತ್ರ ಅಲ್ಲ, ವೈರಿಂಗ್ ಬದಲಾಯಿಸುವುದೂ ಅದರ ಜೊತೆಗೇ ಬರುತ್ತದೆ. ಅಷ್ಟು ಖರ್ಚು ಮಾಡುವ ಮುಂಚೆ ಇರುವ ಎಸಿಯ ತಂಪು ಎಲ್ಲಿ ಹೋಗುತ್ತಿದೆ ಎಂದು ನೋಡೋಣ ಅಂದೆ.

ಎಸಿಗೆ ಎರಡು ಕೆಲಸ

ಒಣ ಬಿಸಿಲಿನ ಜಾಗದಲ್ಲಿ ಎಸಿಯ ಕೆಲಸ ಗಾಳಿಯನ್ನು ತಂಪು ಮಾಡುವುದು ಮಾತ್ರ. ಸೆಕೆಯ ಜಾಗದಲ್ಲಿ ಅದಕ್ಕೆ ಇನ್ನೊಂದು ಕೆಲಸ ಇದೆ, ಗಾಳಿಯಲ್ಲಿರುವ ನೀರನ್ನು ಹಿಂಡಿ ತೆಗೆಯುವುದು. ಈ ಎರಡನೇ ಕೆಲಸ ಎಷ್ಟು ಭಾರ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

33 ಡಿಗ್ರಿ, ಶೇ. 70 ಆರ್ದ್ರತೆ ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರಿನ ಆವಿ ಇರುತ್ತದೆ. ನಮಗೆ ಹಿತ ಅನಿಸುವ 24 ಡಿಗ್ರಿ, ಶೇ. 50ರಲ್ಲಿ ಇರುವುದು ಸುಮಾರು 11 ಗ್ರಾಂ. ಅಂದರೆ ಹೊರಗಿನ ಒಂದು ಘನ ಮೀಟರ್ ಗಾಳಿ ಒಳಗೆ ಬಂದಾಗಲೆಲ್ಲ ಎಸಿ 14 ಗ್ರಾಂ ನೀರು ತೆಗೆಯಬೇಕು. ಗ್ರಾಂ ಲೆಕ್ಕ ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಒಂದು ಲೀಟರ್ ಆವಿಯನ್ನು ಮತ್ತೆ ನೀರು ಮಾಡಲು ಎಸಿ ಸುಮಾರು 0.68 ಕಿಲೋವ್ಯಾಟ್-ಗಂಟೆಯಷ್ಟು ಶಾಖವನ್ನು ಹೊರಗೆ ಸಾಗಿಸಬೇಕು. ಇಷ್ಟೆಲ್ಲ ಮಾಡಿದರೂ ಥರ್ಮಾಮೀಟರ್ ಒಂದು ಗೆರೆಯೂ ಇಳಿಯುವುದಿಲ್ಲ. ಎಸಿ ದುಡಿಯುತ್ತಿರುತ್ತದೆ, ಅದರ ದುಡಿಮೆ ನಮಗೆ ಕಾಣುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀರಿನ ಕೂಲರ್, ಒದ್ದೆ ಪರದೆ, ಮಂಜು ಚಿಮ್ಮುವ ಫ್ಯಾನ್ ಯಾವುದೂ ಇಲ್ಲಿ ಉಪಯೋಗ ಇಲ್ಲ. ಈ ಹವೆಯಲ್ಲಿ ನೀರು ಆರಿ ಗಾಳಿ ಎಷ್ಟೇ ತಣ್ಣಗಾದರೂ 28 ಡಿಗ್ರಿಗಿಂತ ಕೆಳಗೆ ಬರಲಾರದು, ಅಲ್ಲಿಗೆ ಬರುವ ಹೊತ್ತಿಗೆ ಆರ್ದ್ರತೆ ನೂರು ಮುಟ್ಟಿರುತ್ತದೆ. ಇವರೂ ಒಂದು ಕೂಲರ್ ತಂದು ಮೂಲೆಯಲ್ಲಿ ಇಟ್ಟಿದ್ದರು. ಅದನ್ನು ಮೊದಲ ದಿನವೇ ಹೊರಗೆ ಹಾಕಿಸಿದೆ.

ಚಾವಣಿಯ ಫ್ಯಾನ್

ಒಳಗೆ ಹೋಗಿ ನಿಂತಾಗ ನನಗೆ ಮೊದಲು ಕೇಳಿಸಿದ್ದು ಎಸಿಯ ಸದ್ದಲ್ಲ, ಬಾತ್‌ರೂಮ್ ಕಡೆಯ ಚಾವಣಿ ಫ್ಯಾನಿನ ಗುಂಯ್‌ಗುಡುವಿಕೆ. ಅತಿ ಕಡಿಮೆ ವೇಗದಲ್ಲಿ ಓಡುತ್ತಿತ್ತು. ಯಾಕೆ ಅಂದರೆ, 'ಬಿಸಿ ಗಾಳಿ ಮೇಲೆ ಹೋಗುತ್ತದಲ್ವಾ, ಅದು ಹೊರಗೆ ಹೋಗಲಿ ಅಂತ' ಎಂದರು ಅವರು.

ಈ ಸಲಹೆ ತಪ್ಪೇನಲ್ಲ, ಎಸಿ ಇಲ್ಲದಿದ್ದಾಗ. ಗಾಡಿ ಬಿಸಿಲಲ್ಲಿ ನಿಂತು ಒಳಗೆ 45 ಡಿಗ್ರಿ ಆಗಿದ್ದರೆ ಫ್ಯಾನ್ ಹಾಕಿ ಆ ಗಾಳಿಯನ್ನು ಹೊರಗೆ ತಳ್ಳಿ, ಆಮೇಲೆ ಎಸಿ ಹಾಕುವುದೇ ಸರಿ. ಆದರೆ ಎಸಿ ಓಡುವಾಗ ಫ್ಯಾನ್ ಹೊರಗೆ ತಳ್ಳುವುದು ನಾವು ಕರೆಂಟ್ ಕೊಟ್ಟು ತಂಪು ಮಾಡಿದ, ಒಣಗಿಸಿದ ಗಾಳಿಯನ್ನು. ಹೋದಷ್ಟೇ ಗಾಳಿ ಬಾಗಿಲ ಸಂದಿ, ಪೈಪಿನ ತೂತು, ಡ್ರೈವರ್ ಸೀಟಿನ ಕೆಳಗಿನ ಬಿರುಕು ಎಲ್ಲ ಕಡೆಯಿಂದ ಒಳಗೆ ಬರುತ್ತದೆ. ಅದು ಸಮುದ್ರದ ಗಾಳಿ.

ಲೆಕ್ಕ ಹಾಕಿದೆವು. ಕಡಿಮೆ ವೇಗದಲ್ಲೂ ಫ್ಯಾನ್ ನಿಮಿಷಕ್ಕೆ ಎರಡೂವರೆ ಘನ ಮೀಟರ್ ತಳ್ಳುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 150 ಘನ ಮೀಟರ್. ಅದನ್ನು 14 ಗ್ರಾಂನಿಂದ ಗುಣಿಸಿದರೆ ಗಂಟೆಗೆ ಎರಡು ಲೀಟರಿಗೂ ಹೆಚ್ಚು ನೀರು. ಅದನ್ನು ತೆಗೆಯುವುದಕ್ಕೇ 1.4 ಕಿಲೋವ್ಯಾಟ್ ಬೇಕು, ಆ ಗಾಳಿಯನ್ನು 33ರಿಂದ 24ಕ್ಕೆ ಇಳಿಸಲು ಇನ್ನೂ 0.4. ಒಟ್ಟು 1.8 ಕಿಲೋವ್ಯಾಟ್ ಆಯಿತು. 13,500 ಬಿಟಿಯು ಎಸಿ ಶಾಖವನ್ನು ಹೊರಗೆ ಸಾಗಿಸುವ ಪೂರ್ತಿ ಸಾಮರ್ಥ್ಯ ಸುಮಾರು 4 ಕಿಲೋವ್ಯಾಟ್ (ಇದು ಎಸಿ ಎಳೆಯುವ ಕರೆಂಟಿನ ಲೆಕ್ಕ ಅಲ್ಲ). ಅಂದರೆ ಎಸಿಯ ಹೆಚ್ಚುಕಡಿಮೆ ಅರ್ಧ ಶಕ್ತಿ ಆ ಒಂದು ಫ್ಯಾನಿಗೆ ಹೋಗುತ್ತಿತ್ತು. ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಇದೇ ಫ್ಯಾನನ್ನು ಜೋರಾಗಿ ಓಡಿಸಿದರೆ ಯಾವ ಎಸಿಯೂ ತಡೆಯುವುದಿಲ್ಲ.

ಇದಕ್ಕೆ ಸಾಕ್ಷಿ ಗಾಡಿಯ ಹೊರಗೇ ಇತ್ತು. ಇಂಥ ಎಸಿಗಳು ಹಿಂಡಿದ ನೀರನ್ನು ಚಾವಣಿಯ ಮೇಲೇ ಬಿಡುತ್ತವೆ, ಅದು ಪಕ್ಕದಿಂದ ಹರಿದು ನೆಲಕ್ಕೆ ಬೀಳುತ್ತದೆ. ಇವರ ಗಾಡಿಯ ಪಕ್ಕ ದಿನವಿಡೀ ಧಾರೆ ಹರಿಯುತ್ತಿತ್ತು. 'ನೋಡಿ, ಎಸಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ' ಎಂದು ಅವರಿಗೆ ಅದರ ಮೇಲೆ ಒಂಥರಾ ಹೆಮ್ಮೆ. ಎಸಿ ಕೆಲಸ ಮಾಡುತ್ತಿದ್ದುದು ನಿಜವೇ. ಆದರೆ ಅದರಲ್ಲಿ ಬಹುಪಾಲು ನೀರು ಅವರ ಫ್ಯಾನೇ ಒಳಗೆ ತಂದದ್ದು.

ಬೂಷ್ಟಿನ ಕಥೆಯೂ ಇದೇ. ಗಾಳಿಯಾಡಿದರೆ ಬೂಷ್ಟು ಹೋಗುತ್ತದೆ ಎಂಬುದು ಹೊರಗಿನ ಗಾಳಿ ಒಣಗಿದ್ದಾಗ ಸರಿ. ಇಲ್ಲಿ ಹೊರಗಿನ ಗಾಳಿಯ ಇಬ್ಬನಿ ಬಿಂದು 27 ಡಿಗ್ರಿ. ಅಂದರೆ 27ಕ್ಕಿಂತ ತಣ್ಣಗಿರುವ ಯಾವುದೇ ಗೋಡೆ, ಗಾಜು, ಕಪಾಟಿಗೆ ಆ ಗಾಳಿ ತಗುಲಿದರೆ ನೀರಾಗುತ್ತದೆ. ಎಸಿ ಗೋಡೆಯನ್ನು ತಣ್ಣಗೆ ಮಾಡುತ್ತದೆ, ಫ್ಯಾನ್ ಒದ್ದೆ ಗಾಳಿಯನ್ನು ತಂದು ಅದಕ್ಕೆ ತಗುಲಿಸುತ್ತದೆ. ಬೂಷ್ಟು ಕಂಡಷ್ಟೂ ಇವರು ಫ್ಯಾನ್ ಜಾಸ್ತಿ ಓಡಿಸಿದರು, ಓಡಿಸಿದಷ್ಟೂ ಬೂಷ್ಟು ಹೆಚ್ಚಾಯಿತು.

ರಾತ್ರಿ ತಂಪಾಗುತ್ತದೆ, ಕಿಟಕಿ ತೆಗೆಯೋಣ ಅನ್ನುವವರಿಗೂ ಇದೇ ಉತ್ತರ. ರಾತ್ರಿ ಹೊರಗೆ 28 ಡಿಗ್ರಿಗೆ ಇಳಿದು ಆರ್ದ್ರತೆ ಶೇ. 90ಕ್ಕೆ ಏರಿರುತ್ತದೆ. ಲೆಕ್ಕ ಹಾಕಿದರೆ ಒಂದು ಘನ ಮೀಟರಿನಲ್ಲಿ ಆಗಲೂ ಸುಮಾರು 25 ಗ್ರಾಂ ನೀರು, ಮಧ್ಯಾಹ್ನ ಇದ್ದಷ್ಟೇ. ಅದಕ್ಕೇ ಒಂದೋ ಪೂರ್ತಿ ಕಿಟಕಿ ತೆಗೆದು ಫ್ಯಾನಿನ ಗಾಳಿಯಲ್ಲಿ ಮಲಗಿ, ಇಲ್ಲವೇ ಪೂರ್ತಿ ಮುಚ್ಚಿ ಎಸಿ ಹಾಕಿ. ಅರ್ಧ ಅದು, ಅರ್ಧ ಇದು ಮಾಡಿದರೆ ಎರಡೂ ಕೆಡುತ್ತವೆ.

ಎಲ್ಲ ಮುಚ್ಚಿದರೆ ಉಸಿರು ಕಟ್ಟುವುದಿಲ್ಲವಾ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಇಂಥ ಹಳೇ ಗಾಡಿಗಳಲ್ಲಿ ಸಂದಿಗಳು ಎಷ್ಟಿರುತ್ತವೆ ಅಂದರೆ ಬೇಡ ಅಂದರೂ ಗಾಳಿ ಬರುತ್ತಲೇ ಇರುತ್ತದೆ. ಆದರೆ ಗ್ಯಾಸ್ ಒಲೆ ಹಚ್ಚುವಾಗ ಮಾತ್ರ ಕಿಟಕಿ ಮತ್ತು ಒಲೆಯ ಮೇಲಿನ ಫ್ಯಾನ್ ಕಡ್ಡಾಯ. ತಯಾರಕರು ಸುರಕ್ಷತೆಗೆ ಅಂತಲೇ ಬಿಟ್ಟಿರುವ ಕಿಂಡಿಗಳನ್ನು ಸೆಕೆ ಅಂತ ಮುಚ್ಚಬಾರದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ ಎಂದು ಆವತ್ತೇ ಒತ್ತಿ ನೋಡಿದೆವು. ಜನರೇಟರ್ ಓಡಿಸಿಕೊಂಡು ಮಲಗುವವರಾದರೆ ಇದು ಇನ್ನೂ ಮುಖ್ಯ.

ಮಳೆ ಇಲ್ಲದೆ ಸೋರಿದ ನೀರು

ಇದು ಈ ಪ್ರಕರಣದ ನನಗಿಷ್ಟವಾದ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಸೋರಿದ ದಿನಗಳನ್ನೆಲ್ಲ ಬರೆದಿಟ್ಟಿದ್ದರು, ಮಳೆ ಬಂತಾ ಇಲ್ಲವಾ, ಎಸಿ ಎಷ್ಟಕ್ಕೆ ಇಟ್ಟಿದ್ದೆವು ಎಲ್ಲ. ಅದನ್ನು ನೋಡಿದರೆ ಮಳೆಗೂ ಸೋರುವುದಕ್ಕೂ ಏನೂ ಸಂಬಂಧ ಇರಲಿಲ್ಲ. ಆದರೆ ಸೋರಿದ ರಾತ್ರಿಗಳಲ್ಲೆಲ್ಲ ಥರ್ಮೋಸ್ಟಾಟನ್ನು 18ಕ್ಕೆ ಇಳಿಸಿದ್ದರು. ಸದ್ದು ಕಡಿಮೆ ಇರಲಿ ಎಂದು ಎಸಿ ಫ್ಯಾನನ್ನು ಕಡಿಮೆ ವೇಗಕ್ಕೆ ಹಾಕಿದ್ದರು. 'ಎರಡು ಮೂರು ಗಂಟೆಯ ಹೊತ್ತಿಗೆ ಗಾಳಿ ಬರುವುದೇ ನಿಂತ ಹಾಗಾಗುತ್ತದೆ, ಆಗ ಎದ್ದು ಆಫ್ ಮಾಡುತ್ತೇವೆ' ಅಂದರು. ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ನೀರು ಬೀಳಲು ಶುರು.

ಅದು ಮಂಜುಗಡ್ಡೆ. ಎಸಿಯ ಒಳಗಿನ ಕಾಯಿಲ್ (ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸುರುಳಿ) ಸೊನ್ನೆಗಿಂತ ಕೆಳಗಿಳಿದರೆ ಅದರ ಮೇಲಿನ ನೀರು ಹರಿದು ಹೋಗುವ ಬದಲು ಹೆಪ್ಪುಗಟ್ಟುತ್ತದೆ. ಗಡ್ಡೆ ಬೆಳೆದು ಗಾಳಿಯ ದಾರಿ ಮುಚ್ಚುತ್ತದೆ. ಗಾಳಿ ಕಡಿಮೆಯಾದಷ್ಟೂ ಕಾಯಿಲ್ ಇನ್ನೂ ತಣ್ಣಗಾಗುತ್ತದೆ. ಎಸಿ ನಿಲ್ಲಿಸಿದಾಗ ಅಷ್ಟೂ ಗಡ್ಡೆ ಒಟ್ಟಿಗೆ ಕರಗುತ್ತದೆ, ಕೆಳಗಿನ ತಟ್ಟೆ ಅಷ್ಟು ನೀರನ್ನು ಹಿಡಿಯಲಾರದೆ ಒಳಗೆ ಚೆಲ್ಲುತ್ತದೆ. ಚಾವಣಿಗೆ ಎಷ್ಟು ಸೀಲೆಂಟ್ ಬಳಿದರೂ ಇದು ನಿಲ್ಲುವುದು ಹೇಗೆ?

ಗಡ್ಡೆ ಯಾಕೆ ಕಟ್ಟಿತು ಎಂದು ನೋಡಲು ಒಳಗಿನ ಮುಚ್ಚಳ ಬಿಚ್ಚಿದೆವು. ಬಿಚ್ಚುವ ಮುಂಚೆ ಬ್ರೇಕರ್ ಆಫ್, ಇದನ್ನು ಮರೆಯಬೇಡಿ. ಚಾವಣಿಯಲ್ಲಿ 14 ಇಂಚು ಚದರದ ಒಂದು ತೂತು ಇರುತ್ತದೆ. ಈ ಒಂದೇ ತೂತಿನ ಒಂದು ಭಾಗದಿಂದ ಒಳಗಿನ ಬೆಚ್ಚನೆ ಗಾಳಿ ಎಸಿಗೆ ಹೋಗುತ್ತದೆ, ಇನ್ನೊಂದು ಭಾಗದಿಂದ ತಣ್ಣನೆ ಗಾಳಿ ಡಕ್ಟಿಗೆ, ಅಂದರೆ ಗಾಳಿಯನ್ನು ಕೋಣೆಗಳಿಗೆ ಸಾಗಿಸುವ ಕೊಳವೆಗೆ, ಬರುತ್ತದೆ. ನಡುವೆ ಒಂದು ಅಡ್ಡ ತಡಿಕೆ. ಇವರ ಗಾಡಿಯಲ್ಲಿ ಆ ತಡಿಕೆಯ ಮೇಲಿನ ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ. ಹಳೆಯ ಟೇಪ್ ಸುರುಳಿ ಸುತ್ತಿ ನೇತಾಡುತ್ತಿತ್ತು. ಡಕ್ಟಿನ ಬಾಯಿಯೂ ಚಾವಣಿಗೆ ಸರಿಯಾಗಿ ಕೂತಿರಲಿಲ್ಲ, ತಣ್ಣನೆ ಗಾಳಿಯ ಒಂದು ಪಾಲು ಚಾವಣಿಯ ಎರಡು ಪದರಗಳ ನಡುವೆ ಸೋರಿ ಹೋಗುತ್ತಿತ್ತು.

ಬಿಚ್ಚುವ ಮುಂಚೆಯೇ ಅಳತೆ ಇದನ್ನು ಹೇಳಿತ್ತು. ಒಳಗಿನ ಕೋಣೆಯಲ್ಲಿ 29 ಡಿಗ್ರಿ. ಫಿಲ್ಟರಿನ ಹಿಂದೆ, ಎಸಿ ಗಾಳಿ ಎಳೆದುಕೊಳ್ಳುವ ಜಾಗದಲ್ಲಿ, 26.5. ಅಲ್ಲಿಯೂ 29 ಇರಬೇಕಿತ್ತು. ಎರಡೂವರೆ ಡಿಗ್ರಿ ಕಡಿಮೆ ಇದೆ ಅಂದರೆ ತಣ್ಣನೆ ಗಾಳಿ ಸಂದಿಯಿಂದ ನುಸುಳಿ ನೇರವಾಗಿ ವಾಪಸ್ ಹೋಗುತ್ತಿದೆ. ಕಾಯಿಲಿನಿಂದ ಹೊರಬರುವ ಗಾಳಿ 17, ಆದರೆ ಮಲಗುವ ಕೋಣೆಯ ಡಕ್ಟಿನಲ್ಲಿ 21.5. ಎಸಿ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ 'ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ 9ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಸರಿ' ಅನ್ನುತ್ತಾರೆ. ಆ ಲೆಕ್ಕದಲ್ಲಿ ಈ ಎಸಿ ಪಾಸು, ಗ್ಯಾಸ್ ಕಡಿಮೆಯಾಗಿಲ್ಲ, ಕಂಪ್ರೆಸರ್ ಸರಿಯಿದೆ. ಆದರೆ ಅಳೆಯುವುದು ಎಲ್ಲಿ ಎಂಬುದೇ ಮುಖ್ಯ. ಜೊತೆಗೆ ಗಾಳಿ ತುಂಬ ಒದ್ದೆ ಇದ್ದಾಗ ಈ ವ್ಯತ್ಯಾಸ ಕಡಿಮೆಯೇ ಬರುತ್ತದೆ, ಶಕ್ತಿಯೆಲ್ಲ ನೀರು ಹಿಂಡಲು ಹೋಗಿರುತ್ತದೆ. ಅದೊಂದನ್ನೇ ನೋಡಿ ಎಸಿ ಕೆಟ್ಟಿದೆ ಅಂತ ಹೊಸದು ಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಸರಿ, ತಣ್ಣನೆ ಗಾಳಿಯೇ ವಾಪಸ್ ಕಾಯಿಲಿಗೆ ಹೋದರೆ ಕಾಯಿಲಿಗೆ ಸಿಗುವ ಬಿಸಿ ಕಡಿಮೆ. ಮೇಲೆ ಫ್ಯಾನ್ ನಿಧಾನ. ಥರ್ಮೋಸ್ಟಾಟ್ 18ರಲ್ಲಿ ಇರುವುದರಿಂದ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಇಷ್ಟಾದರೂ ಗಡ್ಡೆ ಕಟ್ಟದಂತೆ ತಡೆಯಲು ಕಾಯಿಲಿನ ರೆಕ್ಕೆಗಳ ನಡುವೆ ಒಂದು ಸಣ್ಣ ಸೆನ್ಸರ್ ಸಿಕ್ಕಿಸಿರುತ್ತಾರೆ. ಇಲ್ಲಿ ಅದು ಜಾರಿ ಹೊರಬಂದು ಗಾಳಿಯಲ್ಲಿ ತೂಗುತ್ತಿತ್ತು. ಅದಕ್ಕೆ ಗಡ್ಡೆ ಕಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ.

ಸೋರದ ರಾತ್ರಿಗಳ ಕಥೆ ಬೇರೆ. ಆವತ್ತು 24ಕ್ಕೆ ಇಟ್ಟಿರುತ್ತಿದ್ದರು. ಈ ಗಾಡಿಯ ತಾಪಮಾನದ ಸೆನ್ಸರ್ ಕೂಡ ಆ ಫಿಲ್ಟರಿನ ಹಿಂದೆಯೇ ಇದೆ. ನುಸುಳಿದ ತಣ್ಣನೆ ಗಾಳಿ ತಗುಲಿ ಅದು ಬೇಗ 24 ತೋರಿಸುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಆದರೆ ಫ್ಯಾನ್ ಆನ್‌ನಲ್ಲಿ ಇಟ್ಟಿದ್ದರಿಂದ ಅದು ನಿಲ್ಲುವುದಿಲ್ಲ. ಕಂಪ್ರೆಸರ್ ನಿಂತಾಗ ಕಾಯಿಲಿನ ಮೇಲೆ ಇನ್ನೂ ನೀರು ಇರುತ್ತದೆ, ಫ್ಯಾನ್ ಆ ನೀರನ್ನು ಆರಿಸಿ ಮತ್ತೆ ಕೋಣೆಗೇ ಊದುತ್ತದೆ. ಹಿಂಡಿದ ನೀರು ಚಾವಣಿಗೆ ಹರಿಯುವ ಬದಲು ಹಾಸಿಗೆಗೆ ವಾಪಸ್. ಹಾಸಿಗೆ ಒದ್ದೆ ಅನಿಸಿದ್ದು ಸುಮ್ನೆ ಅಲ್ಲ.

ದುರಸ್ತಿಗೆ ಬೇಕಾದದ್ದು ಅಲ್ಯೂಮಿನಿಯಂ ಫಾಯಿಲ್ ಟೇಪ್ ಮತ್ತು ಒಂದು ತುಂಡು ಫೋಮ್ ಬೋರ್ಡ್, ಅಷ್ಟೆ. ಬಟ್ಟೆಯ ಟೇಪ್ ಬೇಡ, ಬಿಸಿಗೆ ಅದರ ಅಂಟು ಬಿಡುತ್ತದೆ, ಹಿಂದಿನವರು ಹಾಕಿದ್ದೂ ಅದೇ. ಅಂಚುಗಳ ಧೂಳು, ಜಿಡ್ಡು ಸ್ಪಿರಿಟ್ ಹಾಕಿ ಒರೆಸಿ, ತಡಿಕೆಯನ್ನು ಫೋಮ್ ಬೋರ್ಡಿನಿಂದ ಹೊಸದಾಗಿ ಮಾಡಿ, ಎಲ್ಲ ಅಂಚಿಗೂ ಟೇಪ್ ಒತ್ತಿ ಕೂರಿಸಿದೆವು. ಡಕ್ಟಿನ ಬಾಯಿಗಳನ್ನೂ ಮುಚ್ಚಿದೆವು. ಜಾರಿದ ಸೆನ್ಸರನ್ನು ವಾಪಸ್ ರೆಕ್ಕೆಗಳ ನಡುವೆ ಸಿಕ್ಕಿಸಿದೆ. ಫಿಲ್ಟರ್ ತೊಳೆದರು, ಚಾವಣಿ ಹತ್ತಿ ಹೊರಗಿನ ಕಾಯಿಲಿನ ಧೂಳು, ಎಲೆ ತೆಗೆದರು. ಮತ್ತೆ ಅಳೆದಾಗ ಫಿಲ್ಟರಿನ ಹಿಂದೆ ಕೋಣೆಯಷ್ಟೇ ಬಿಸಿ ಇತ್ತು, ಮಲಗುವ ಕೋಣೆಯ ಡಕ್ಟಿನಲ್ಲಿ ಗಾಳಿಯ ರಭಸ ಕೈಗೇ ಗೊತ್ತಾಗುವಷ್ಟು ಹೆಚ್ಚಾಗಿತ್ತು.

ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು ಆನ್‌ನಿಂದ ಆಟೋಗೆ ಬದಲಾಯಿಸಿದೆವು. ಇಲ್ಲಿ ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಆಟೋ ಎಂದರೆ ವೇಗ ತಾನಾಗಿ ಬದಲಾಗುತ್ತದೆ ಅಷ್ಟೆ, ಫ್ಯಾನ್ ನಿಲ್ಲುವುದಿಲ್ಲ. ತಿರುಗಿಸುವ ಗುಂಡಿ ಇರುವ ಹಳೇ ಎಸಿಗಳಲ್ಲಂತೂ ಫ್ಯಾನ್ ನಿಲ್ಲಿಸುವ ಸೌಲಭ್ಯವೇ ಎಷ್ಟೋ ಕಡೆ ಇಲ್ಲ. ಕಂಪ್ರೆಸರ್ ನಿಂತಾಗ ಕೈ ಒಡ್ಡಿ ನೋಡಿ, ಗೊತ್ತಾಗುತ್ತದೆ.

ಬಿಸಿಲು

ಬಿಸಿಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ನೆತ್ತಿಯ ಮೇಲಿನ ಸೂರ್ಯ ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಸುರಿಯುತ್ತಾನೆ. ಇವರ ಮುಂದಿನ ಗಾಜು ಎರಡು ಚದರ ಮೀಟರಿಗೂ ದೊಡ್ಡದು, ಅದೂ ಓರೆ, ಮಧ್ಯಾಹ್ನದ ಬಿಸಿಲು ಬೀಳುವಂಥದ್ದು. ಒಳಗಿನಿಂದ ಬೆಳ್ಳಿ ಬಣ್ಣದ ಹಾಳೆ ಹಾಕಿದ್ದರು. ಒಳಗಿನಿಂದ ಹಾಕಿದರೆ ಬಿಸಿಲು ಗಾಜು ದಾಟಿ ಒಳಗೆ ಬಂದೇ ಬಿಟ್ಟಿರುತ್ತದೆ, ಹಾಳೆಗೂ ಗಾಜಿಗೂ ನಡುವಿನ ಗಾಳಿ ಕಾದು ಕೋಣೆಗೆ ಸೇರುತ್ತದೆ. ಹೊರಗಿನಿಂದ ಮುಚ್ಚುವ ಹೊದಿಕೆ ಹಾಕಿಸಿದೆವು. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಎಳೆದು ಆ ಭಾಗವನ್ನೇ ಬೇರೆ ಮಾಡಿದೆವು, ಇಡೀ ದಿನ ಯಾರೂ ಕೂರದ ಜಾಗವನ್ನು ತಂಪು ಮಾಡುವುದೇಕೆ? ಬಾತ್‌ರೂಮಿನ ಮೇಲಿನ ಪಾರದರ್ಶಕ ಗುಮ್ಮಟಕ್ಕೆ, ಚಾವಣಿಯ ಕಿಂಡಿಗಳಿಗೆ ಅಳತೆಗೆ ಕತ್ತರಿಸಿದ ಫೋಮ್ ದಿಂಬು.

ಗಾಡಿಯನ್ನು ತಿರುಗಿಸಿ ನಿಲ್ಲಿಸಿದ್ದು ಎಲ್ಲಕ್ಕಿಂತ ಅಗ್ಗದ ಉಪಾಯ. ದೊಡ್ಡ ಕಿಟಕಿಗಳಿರುವ ಬದಿ ಪಶ್ಚಿಮಕ್ಕೆ ಇತ್ತು, ಈಗ ಆ ಕಡೆ ಮಡಚುವ ಚಪ್ಪರ ಇರುವ ಬದಿ ಬರುತ್ತದೆ. ಗಾಳಿ ಜೋರಾದರೆ ಚಪ್ಪರ ಮಡಚಿ, ಹಾರಿಹೋದರೆ ಗೋಡೆಯನ್ನೂ ಕಿತ್ತುಕೊಂಡು ಹೋಗುತ್ತದೆ.

ಚಾವಣಿ ಬಿಳಿಯದೇ, ಆದರೆ ಧೂಳು, ಪಾಚಿ ಹಿಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆ ತೊಳೆದು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿದರೆ ತೊಳೆದ ಜಾಗಕ್ಕೂ ಕೊಳೆ ಜಾಗಕ್ಕೂ ಹತ್ತು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ. ಆ ಮೇಲೆ ಪೂರ್ತಿ ಚಾವಣಿ ತೊಳೆಯಲು ಯಾರೂ ಹೇಳಬೇಕಾಗಲಿಲ್ಲ. ಅಂದ ಹಾಗೆ ಆ ಥರ್ಮಾಮೀಟರನ್ನು ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿಯಬೇಡಿ, ಸುಳ್ಳು ಹೇಳುತ್ತದೆ.

ಗೋಡೆಗೆ ಒಳಗಿನಿಂದ ಗುಳ್ಳೆ ಹಾಳೆ ಅಂಟಿಸೋಣವಾ ಎಂದು ಕೇಳಿದರು. ಬೇಡ ಅಂದೆ. ಹಾಳೆಗೂ ಗೋಡೆಗೂ ನಡುವೆ ನೀರು ಕಟ್ಟಿಕೊಂಡರೆ ಕಣ್ಣಿಗೆ ಕಾಣದ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ.

ಒಳಗೇ ಹುಟ್ಟುವ ನೀರು

ಹೊರಗಿನ ನೀರು ತಡೆದ ಮೇಲೆ ಉಳಿದದ್ದು ಮನೆಯವರೇ ಮಾಡುವ ನೀರು. ಮಲಗಿದ ಒಬ್ಬ ದೊಡ್ಡವರ ಉಸಿರು, ಬೆವರಿನಿಂದ ಗಂಟೆಗೆ 40 ಗ್ರಾಂ ಹತ್ತಿರ. ಮೂವರಿಗೆ ಒಂದು ರಾತ್ರಿಗೆ ಒಂದು ಲೀಟರಿನ ಆಸುಪಾಸು. ಅದನ್ನು ನಿಲ್ಲಿಸಲಾಗುವುದಿಲ್ಲ, ಬಿಡಿ. ಆದರೆ ಗ್ಯಾಸ್ ಒಲೆ? ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ, ಪಾತ್ರೆಯಿಂದ ಏಳುವ ಹಬೆ ಬೇರೆ. ಉದ್ದ ಹೊತ್ತಿನ ಅಡುಗೆಯನ್ನು ಚಪ್ಪರದ ಕೆಳಗೆ ಇಂಡಕ್ಷನ್ ಒಲೆಗೆ ಸಾಗಿಸಿದರು. ಸ್ನಾನದ ಹೊತ್ತು, ಆಮೇಲೆ ಹತ್ತು ನಿಮಿಷ ಮಾತ್ರ ಬಾತ್‌ರೂಮಿನ ಫ್ಯಾನ್, ಬಾಗಿಲು ಮುಚ್ಚಿ. ಒದ್ದೆ ಟವೆಲ್ ಒಳಗೆ ಒಣಹಾಕುವುದು ಬಂದ್. ಮಗಳ ಈಜುಡುಗೆಯ ಬಗ್ಗೆ ಒಂದು ಸಣ್ಣ ಜಗಳವೇ ಆಯಿತು.

ರಾತ್ರಿ ಬಿಸಿಲಿಲ್ಲದೆ ಎಸಿ ಹೆಚ್ಚು ಹೊತ್ತು ಓಡುವುದಿಲ್ಲ, ಓಡದಿದ್ದರೆ ನೀರು ತೆಗೆಯುವುದೂ ಇಲ್ಲ. ಆ ಹೊತ್ತಿಗೆ ಒಂದು ಸಣ್ಣ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ತರಿಸಿದೆವು, ಕಂಪ್ರೆಸರ್ ಇರುವಂಥದ್ದು. ಕಂಪ್ರೆಸರ್ ಇಲ್ಲದ ಅಗ್ಗದ ಪೆಲ್ಟಿಯರ್ ಡಬ್ಬಿಗಳಲ್ಲಿ ಹೆಚ್ಚಿನವು ದಿನಕ್ಕೆ ಅರ್ಧ ಲೀಟರೂ ತೆಗೆಯುವುದಿಲ್ಲ, ಅವು ಕಪಾಟಿಗಷ್ಟೇ ಸರಿ. ಡಿಹ್ಯುಮಿಡಿಫೈಯರ್ ಕೋಣೆಯನ್ನು ಬಿಸಿ ಮಾಡುತ್ತದೆ ಎಂಬುದು ನಿಜ, ಎಳೆದ ಕರೆಂಟು ಮತ್ತು ಆವಿ ನೀರಾದಾಗ ಬಿಟ್ಟ ಶಾಖ ಎರಡೂ ಒಳಗೇ ಉಳಿಯುತ್ತವೆ. ಹಗಲು ಅದನ್ನು ಓಡಿಸಿದರೆ ಎಸಿಗೆ ಇನ್ನೊಂದು ಹೊರೆ. ರಾತ್ರಿ ಎಸಿಗೆ ಬಿಡುವಿರುವಾಗ ಮಾತ್ರ, ಶೇ. 55ಕ್ಕೆ ಇಟ್ಟು.

ಏನಾಯಿತು

ಚಾವಣಿ ಫ್ಯಾನ್ ನಿಲ್ಲಿಸಿ, ತಡಿಕೆ ಮುಚ್ಚಿದ ದಿನವೇ ಮಧ್ಯಾಹ್ನದ ತಾಪಮಾನ ಇಳಿಯಿತು. ಆರ್ದ್ರತೆ ಮಾತ್ರ ನಿಧಾನವಾಗಿ ಇಳಿಯಿತು. ಹಾಸಿಗೆ, ಪರದೆ, ಮರದ ಹಲಗೆ ಎಲ್ಲ ತಿಂಗಳುಗಟ್ಟಲೆ ನೀರು ಕುಡಿದಿದ್ದವು, ಅವು ಅದನ್ನು ಬಿಡಲು ಕೆಲವು ದಿನ ಬೇಕಾಯಿತು. ಇಲ್ಲಿ ತಾಳ್ಮೆ ಬೇಕು, ಹಗಲು ಹೊರಗೆ ಹೋಗುವಾಗ ಎಸಿ ಪೂರ್ತಿ ಆಫ್ ಮಾಡಿದರೆ ಒಣಗಿದ್ದೆಲ್ಲ ಮತ್ತೆ ನೆನೆಯುತ್ತದೆ. 27ಕ್ಕೆ ಇಟ್ಟು ಹೋಗಿ ಅಂದೆ.

ಕೊನೆಗೆ ನಿಂತ ಲೆಕ್ಕ: ಹೊರಗೆ ಅದೇ 33, ಅದೇ ಶೇ. 70. ಒಳಗೆ ಮೂರು ಗಂಟೆಗೆ 26 ಡಿಗ್ರಿ, ಶೇ. 55. ಇಬ್ಬನಿ ಬಿಂದು 23ರಿಂದ 16ಕ್ಕೆ ಇಳಿದಿತ್ತು. ಥರ್ಮೋಸ್ಟಾಟ್ ಕೇಳಿದ 22 ಬರಲೇ ಇಲ್ಲ, ಆ ಹೊತ್ತಿಗೆ ಒಂದೇ ಎಸಿಯಿಂದ ಬರುವುದೂ ಇಲ್ಲ. ಆದರೆ ಒಣಗಿದ 26ರಲ್ಲಿ ಒಂದು ಸಣ್ಣ ಟೇಬಲ್ ಫ್ಯಾನ್ ಹಾಕಿಕೊಂಡರೆ ಬೆವರು ಆರುತ್ತದೆ, ಅವರಿಗೆ ಅಷ್ಟು ಸಾಕಾಯಿತು. ರಾತ್ರಿ 24ರಿಂದ 25, ಹಾಸಿಗೆ ಒಣ. ನೀರು ತೊಟ್ಟಿಕ್ಕುವುದು ನಿಂತಿದೆ. ಕಪಾಟನ್ನು ಗೋಡೆಯಿಂದ ಎರಡು ಬೆರಳು ದೂರ ಸರಿಸಿ ಒರೆಸಿದ ಮೇಲೆ ಬೂಷ್ಟು ವಾಪಸ್ ಬಂದಿಲ್ಲ. ಗಾಡಿಯ ಪಕ್ಕ ಹರಿಯುತ್ತಿದ್ದ ಧಾರೆ ಈಗ ಹನಿ ಹನಿ. 'ಎಸಿ ನೀರೇ ಬಿಡ್ತಿಲ್ಲವಲ್ಲ, ಕೆಟ್ಟಿತಾ?' ಎಂದು ಗಂಡ ಗಾಬರಿಯಿಂದ ಫೋನ್ ಮಾಡಿದ್ದರು.

ಎರಡನೇ ಎಸಿ ಹಾಕಿಸಲಿಲ್ಲ. ಹೊರಗೆ 38, 40 ಡಿಗ್ರಿ ಆಗುವ ಜಾಗಕ್ಕೆ ಇದೇ ಗಾಡಿ ಹೋದರೆ ಬೇಕಾಗಬಹುದು, ಆಗ ವೈರಿಂಗನ್ನೂ ನೋಡಬೇಕು. ಸಂಜೆ ಎಲ್ಲರೂ ಎಸಿ ಹಾಕುವ ಹೊತ್ತಿಗೆ ಆ ಬಯಲಿನ ವೋಲ್ಟೇಜ್ 106ಕ್ಕೆ ಬೀಳುತ್ತಿತ್ತು, ಇವರ ಉದ್ದದ ತೆಳು ಎಕ್ಸ್‌ಟೆನ್ಶನ್ ವೈರ್ ಮುಟ್ಟಿದರೆ ಬಿಸಿ. ದಪ್ಪ ವೈರ್ ಹಾಕಿಸಿ, ವೋಲ್ಟೇಜ್ 104ಕ್ಕಿಂತ ಕೆಳಗಿಳಿದರೆ ಕರೆಂಟ್ ಕಡಿಯುವ ಸಾಧನ ಕೂರಿಸಿದ್ದಾರೆ.

ಬಾಕಿ ಉಳಿದದ್ದು ಫ್ರಿಜ್. ಗ್ಯಾಸಿನಲ್ಲಿ ಓಡುವ ಅಬ್ಸಾರ್ಪ್ಷನ್ ಮಾದರಿಯದು, ಅಂದರೆ ಕಂಪ್ರೆಸರ್ ಇಲ್ಲದೆ ಶಾಖದಿಂದಲೇ ತಂಪು ಮಾಡುವಂಥದ್ದು, ಹೊರಗಿನ ಬಿಸಿಗೆ ಅದು ಸೋಲುತ್ತದೆ. ಹಿಂಬದಿಯ ಕಿಂಡಿಗೆ ಒಂದು ಸಣ್ಣ ಫ್ಯಾನ್ ಹಾಕಬೇಕು, ಅದರ ಸುತ್ತಲಿನ ಸೀಲ್ ಬಿಟ್ಟು ಬೆನ್ನಿನ ಬಿಸಿ ಒಳಗೆ ಬರುತ್ತಿದೆಯಾ ಎಂದೂ ನೋಡಬೇಕು. ಫ್ರಿಜ್ ಹೊರಗೆ ಎಳೆಯಲು ಇಬ್ಬರು ಬೇಕು, ಮುಂದಿನ ಸಲ ಹೋದಾಗ ಅದೇ ಕೆಲಸ.